ಕರೆಂಟು ಹೋದರೂ ಉಳಿಯುವ ಹಿಸ್ಟರಿ: ಬ್ಯಾಷ್‌ನಲ್ಲಿ ಟ್ಯಾಬ್ ಕಂಪ್ಲೀಷನ್ ಮತ್ತು ಕಮಾಂಡ್ ಹಿಸ್ಟರಿಯನ್ನು ಹೊಂದಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಶಿರಸಿಯಲ್ಲಿ ಜೂನ್ ತಿಂಗಳ ಮಳೆ ಹಿಡಿದುಕೊಂಡಿತೆಂದರೆ ಕರೆಂಟು ಯಾವ ಗಳಿಗೆಯಲ್ಲಿ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಹೇಳಲಾಗದು. ಹಾಗೊಂದು ಸಂಜೆ, ಸ್ಕ್ಯಾನ್ ಮಾಡಿಟ್ಟ ನೂರಾರು ಅಡಿಕೆ ಪಟ್ಟಿಗಳಿಗೆ ದಿನಾಂಕದ ಪ್ರಕಾರ ಹೆಸರು ಬದಲಿಸುವ ಉದ್ದನೆಯ ಕಮಾಂಡೊಂದನ್ನು ನಾಲ್ಕೈದು ಬಾರಿ ತಪ್ಪಿ, ತಿದ್ದಿ, ಕಡೆಗೂ ಸರಿಯಾಗಿ ಬರೆದಿದ್ದೆ. ಮೊದಲ ತಿಂಗಳ ಪಟ್ಟಿಗಳ ಮೇಲೆ ಅದು ಸರಿಯಾಗಿ ನಡೆಯಿತು. ಎರಡನೆಯ ತಿಂಗಳಿಗೆ ಕೈಹಾಕುವಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್‌ನ ಬ್ಯಾಟರಿ ಹಳೆಯದಾಗಿದ್ದರಿಂದ ಕಂಪ್ಯೂಟರೂ ಅದರ ಜೊತೆಗೇ ಆರಿತು. ಕರೆಂಟು ಬಂದ ಮೇಲೆ ಟರ್ಮಿನಲ್ ತೆರೆದು ಮೇಲ್ಮುಖ ಬಾಣದ ಕೀಲಿ ಒತ್ತಿದರೆ ಕಂಡದ್ದು ಹಿಂದಿನ ದಿನದ ಕಮಾಂಡುಗಳು. ಆ ಸಂಜೆ ಬರೆದ ಒಂದು ಸಾಲೂ ಅಲ್ಲಿರಲಿಲ್ಲ.

ಕಾರಣ ಸರಳವಾದದ್ದು. ಟರ್ಮಿನಲ್‌ನಲ್ಲಿ ಬರೆದ ಕಮಾಂಡುಗಳನ್ನು ಓದಿ ನಡೆಸುವ ಪ್ರೋಗ್ರಾಮಿನ ಹೆಸರು ಬ್ಯಾಷ್. ನಾವು ಬರೆಯುವ ಪ್ರತಿ ಕಮಾಂಡನ್ನೂ ಅದು ತನ್ನ ನೆನಪಿನಲ್ಲಿ, ಎಂದರೆ ಮೆಮೊರಿಯಲ್ಲಿ, ಇಟ್ಟುಕೊಳ್ಳುತ್ತದೆಯೇ ಹೊರತು ಡಿಸ್ಕಿನ ಫೈಲಿಗೆ ಕೂಡಲೇ ಬರೆಯುವುದಿಲ್ಲ. ಎಕ್ಸಿಟ್ ಎಂದು ಹೊರಬಂದಾಗ ಅಥವಾ ಕಿಟಕಿಯನ್ನು ಮುಚ್ಚಿದಾಗ ಮಾತ್ರ ಅದುವರೆಗಿನದನ್ನೆಲ್ಲ ಒಮ್ಮೆಲೇ ಬರೆಯುತ್ತದೆ. ಕರೆಂಟು ಹೋದಾಗ ಹೊರಬರುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ. ಘಟ್ಟದ ಮೇಲಾಗಲಿ, ಕುಮಟಾ, ಹೊನ್ನಾವರದ ಕಡೆಯಾಗಲಿ, ಮಳೆಗಾಲದಲ್ಲಿ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವವರಿಗೆ ಈ ಒಂದು ಸಂಗತಿಯನ್ನು ಬದಲಿಸಿಕೊಳ್ಳುವುದು ಉಳಿದೆಲ್ಲಕ್ಕಿಂತ ಮುಖ್ಯವೆಂದು ನಾನು ಬಲವಾಗಿ ನಂಬಿದ್ದೇನೆ. ಆದ್ದರಿಂದ ಹಿಸ್ಟರಿಯಿಂದಲೇ, ಎಂದರೆ ಹಿಂದೆ ಕೊಟ್ಟ ಕಮಾಂಡುಗಳ ದಾಖಲೆಯಿಂದಲೇ, ಆರಂಭಿಸಿ, ಆಮೇಲೆ ಟ್ಯಾಬ್ ಕಂಪ್ಲೀಷನ್‌ಗೆ, ಎಂದರೆ ಅರ್ಧ ಬರೆದ ಹೆಸರನ್ನು ಟ್ಯಾಬ್ ಕೀಲಿಯಿಂದ ಪೂರ್ಣಗೊಳಿಸುವುದಕ್ಕೆ, ಬರುತ್ತೇನೆ.

ಓದುವ ಮೊದಲು

ಇಲ್ಲಿ ಹೇಳುವುದೆಲ್ಲ ಉಬುಂಟು, ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಗಳಲ್ಲಿ ಮೊದಲಿಂದಲೂ ಸಿಗುವ ಬ್ಯಾಷ್‌ಗೆ ಸಂಬಂಧಿಸಿದ್ದು. ಮ್ಯಾಕ್ ಕಂಪ್ಯೂಟರುಗಳಲ್ಲಿ 2019ರ ಕ್ಯಾಟಲೀನಾ ಆವೃತ್ತಿಯಿಂದ ಬ್ಯಾಷ್ ಬದಲು ಮೊದಲಾಯ್ಕೆಯಾಗಿ ಜಡ್-ಶೆಲ್ ಇರುವುದರಿಂದ ಈ ಸಾಲುಗಳು ಅಲ್ಲಿ ಹೀಗೆಯೇ ನಡೆಯುವುದಿಲ್ಲ.

ಕಮಾಂಡುಗಳನ್ನು ಫೋನಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಡುವಂತೆ ಕನ್ನಡ ಅಕ್ಷರಗಳಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಅವುಗಳ ಇಂಗ್ಲಿಷ್ ಕಾಗುಣಿತವನ್ನೇ ಬಳಸಬೇಕು. ಚಿಹ್ನೆಗಳು ಮತ್ತು ಅಂಕೆಗಳು ಕಂಡಂತೆಯೇ ಇರಲಿ. ‘ಹಿಸ್ಟ್’ ಎಂದು ಬಂದಲ್ಲಿ ಹಿಸ್ಟರಿ ಎಂಬ ಪದದ ಮೊದಲ ನಾಲ್ಕು ಅಕ್ಷರಗಳೆಂದು ತಿಳಿಯಬೇಕು. ಸಮ ಚಿಹ್ನೆಯ ಎಡಕ್ಕಿರುವ ಹೆಸರುಗಳೆಲ್ಲ ದೊಡ್ಡಕ್ಷರದವು, ಮತ್ತು ಸಮ ಚಿಹ್ನೆಯ ಎರಡೂ ಬದಿಗೆ ಜಾಗ ಬಿಡುವಂತಿಲ್ಲ. ಉಳಿದವು ಸಣ್ಣಕ್ಷರದವು, ಎಲ್ಲಿ ಬೇರೆಯೋ ಅಲ್ಲಿ ಹೇಳಿದ್ದೇನೆ.

ನಾವು ತಿದ್ದುವುದು ಎರಡು ಫೈಲ್‌ಗಳನ್ನು. ಬ್ಯಾಷ್ ಅನ್ನು ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಗಾಗಿ ಬ್ರಯಾನ್ ಫಾಕ್ಸ್ ಬರೆದು 1989ರಲ್ಲಿ ಹೊರತಂದರು. ನಂತರ ಅದರ ಹೊಣೆ ಹೊತ್ತವರು ಚೆಟ್ ರೇಮಿ. ಅದರೊಳಗೆ ಕೀಲಿ ಒತ್ತಿದ್ದನ್ನು ಗಮನಿಸಿ ಸಾಲನ್ನು ತಿದ್ದಲು ಕೊಡುವ ಭಾಗಕ್ಕೆ ರೀಡ್‌ಲೈನ್ ಎಂದು ಹೆಸರು. ಬ್ಯಾಷ್‌ನ ಸ್ವಂತ ಹೊಂದಿಕೆಗಳು ಹೋಮ್ ಫೋಲ್ಡರಿನ ~/.ಬ್ಯಾಷ್‌ಆರ್‌ಸಿ ಫೈಲಿನಲ್ಲಿ ಇರುತ್ತವೆ. ಕೀಲಿಗಳಿಗೆ ಸಂಬಂಧಿಸಿದ ರೀಡ್‌ಲೈನ್ ಹೊಂದಿಕೆಗಳು ~/.ಇನ್‌ಪುಟ್‌ಆರ್‌ಸಿ ಫೈಲಿನಲ್ಲಿ. ಎರಡನೆಯದನ್ನು ಜಿಡಿಬಿಯಂತೆ (ಪ್ರೋಗ್ರಾಮುಗಳ ದೋಷ ಹುಡುಕುವ ಸಾಧನ) ರೀಡ್‌ಲೈನ್ ಬಳಸುವ ಬೇರೆ ಪ್ರೋಗ್ರಾಮುಗಳೂ ಓದುತ್ತವೆ. ಯಾವ ಸಾಲು ಯಾವ ಫೈಲಿಗೆ ಸೇರಬೇಕು ಎಂಬುದರಲ್ಲಿ ಹೊಸಬರು ಎಡವುವುದೇ ಹೆಚ್ಚು. ಮೊದಲ ಫೈಲಿನ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ತೆಗೆದಿಟ್ಟುಕೊಂಡೇ ಮುಂದುವರಿಯಿರಿ.

ಮೊದಲ ಹೆಜ್ಜೆ: ಹಿಸ್ಟರಿಗೆ ಸಾಕಷ್ಟು ಜಾಗ

ಬ್ಯಾಷ್ ತಾನಾಗಿ ನೆನಪಿಡುವುದು 500 ಕಮಾಂಡುಗಳನ್ನು ಮಾತ್ರ. ಉಬುಂಟುವಿನ ಬ್ಯಾಷ್‌ಆರ್‌ಸಿ ಅದನ್ನು 1000ಕ್ಕೂ, ಫೈಲಿನಲ್ಲಿ ಉಳಿಯುವುದನ್ನು 2000ಕ್ಕೂ ಏರಿಸುತ್ತದೆ. ದಿನವಿಡೀ ಕೆಲಸ ಮಾಡುವವರಿಗೆ ಇದು ಕೆಲವೇ ವಾರಗಳಲ್ಲಿ ತುಂಬಿಹೋಗುತ್ತದೆ. ಬ್ಯಾಷ್‌ಆರ್‌ಸಿಯನ್ನು ನ್ಯಾನೋ ಎಂಬ ಎಡಿಟರಿನಲ್ಲಿ ತೆರೆದು, ಹಿಸ್ಟ್‌ಸೈಜ್ ಮತ್ತು ಹಿಸ್ಟ್‌ಫೈಲ್‌ಸೈಜ್ ಎಂಬ ಹಳೆಯ ಎರಡು ಸಾಲುಗಳ ಮುಂದೆ # ಚಿಹ್ನೆ ಹಾಕಿ, ಫೈಲಿನ ಕೊನೆಯಲ್ಲಿ ಇವನ್ನು ಸೇರಿಸಿ:

ಹಿಸ್ಟ್‌ಫೈಲ್=~/.ಬ್ಯಾಷ್_ಹಿಸ್ಟರಿ_ಲಾಂಗ್
ಹಿಸ್ಟ್‌ಸೈಜ್=50000
ಹಿಸ್ಟ್‌ಫೈಲ್‌ಸೈಜ್=100000

ಹಳೆಯ ಸಾಲುಗಳನ್ನು ಏಕೆ ನಿಷ್ಕ್ರಿಯಗೊಳಿಸಬೇಕೆಂದರೆ, ಹಿಸ್ಟ್‌ಫೈಲ್‌ಸೈಜ್‌ಗೆ ಬೆಲೆ ಕೊಟ್ಟ ಕ್ಷಣದಲ್ಲೇ ಬ್ಯಾಷ್ ಹಿಸ್ಟರಿ ಫೈಲನ್ನು ಆ ಅಳತೆಗೆ ಕತ್ತರಿಸುತ್ತದೆ. ಮೇಲೆಲ್ಲೋ 2000 ಎಂದಿದ್ದು ಕೆಳಗೆ ಒಂದು ಲಕ್ಷ ಎಂದಿದ್ದರೆ, ಕತ್ತರಿ ಬಿದ್ದ ಮೇಲೆ ಚೀಲ ದೊಡ್ಡದು ಮಾಡಿದಂತಾಗುತ್ತದೆ. ಫೈಲಿಗೆ ಬೇರೆ ಹೆಸರು ಕೊಟ್ಟಿರುವುದಕ್ಕೂ ಇಂಥದೇ ಕಾರಣವಿದೆ: ಯಾವುದಾದರೂ ಕಾರಣಕ್ಕೆ ಬ್ಯಾಷ್‌ಆರ್‌ಸಿಯನ್ನು ಓದದೆ ಆರಂಭವಾದ ಬ್ಯಾಷ್ ತನ್ನ 500ರ ಮಿತಿಯನ್ನೇ ಹಿಡಿದು ಮಾಮೂಲಿ ಹಿಸ್ಟರಿ ಫೈಲನ್ನು ಕತ್ತರಿಸಿಬಿಡಬಹುದು, ಹೊಸ ಹೆಸರು ಅದಕ್ಕೆ ಗೊತ್ತಿಲ್ಲದ್ದರಿಂದ ನಮ್ಮ ಫೈಲು ಸುರಕ್ಷಿತವಾಗಿರುತ್ತದೆ. ಹೊಸ ಟರ್ಮಿನಲ್ ತೆರೆಯುವ ಮೊದಲು ಹಳೆಯ ಹಿಸ್ಟರಿಯನ್ನು ಹೊಸ ಹೆಸರಿಗೆ ನಕಲು ಮಾಡಿಕೊಳ್ಳಿ:

ಸಿಪಿ ~/.ಬ್ಯಾಷ್_ಹಿಸ್ಟರಿ ~/.ಬ್ಯಾಷ್_ಹಿಸ್ಟರಿ_ಲಾಂಗ್

ಎರಡನೆಯ ಹೆಜ್ಜೆ: ಕರೆಂಟು ಹೋಗುವ ಮೊದಲೇ ಬರೆಯಿಸುವುದು

ಈ ಮಾರ್ಗದರ್ಶಿಯಲ್ಲಿ ಎರಡೇ ಸಾಲು ಸೇರಿಸಲು ಸಮಯವಿದ್ದರೆ ಇವೆರಡನ್ನೇ ಸೇರಿಸಿ:

ಶಾಪ್ಟ್ -ಎಸ್ ಹಿಸ್ಟ್‌ಅಪೆಂಡ್
ಪ್ರಾಂಪ್ಟ್_ಕಮಾಂಡ್="ಹಿಸ್ಟರಿ -ಎ; $ಪ್ರಾಂಪ್ಟ್_ಕಮಾಂಡ್"

ಶಾಪ್ಟ್ ಎಂಬುದರ ಅಕ್ಷರಗಳು ಎಸ್, ಎಚ್, ಒ, ಪಿ, ಟಿ. ಮೊದಲ ಸಾಲು, ಹೊರಬರುವಾಗ ಹಿಸ್ಟರಿ ಫೈಲನ್ನು ಅಳಿಸಿ ಬರೆಯದೆ ಅದರ ಕೊನೆಗೆ ಸೇರಿಸುವಂತೆ ಹೇಳುತ್ತದೆ. ಉಬುಂಟುವಿನಲ್ಲಿ ಅದು ಮೊದಲೇ ಇರುತ್ತದೆ; ಇನ್ನೊಮ್ಮೆ ಬರೆದರೆ ತೊಂದರೆಯಿಲ್ಲ. ಎರಡನೆಯ ಸಾಲಿನಲ್ಲಿ ಎಡಬದಿಯ ಹೆಸರೂ ಡಾಲರ್ ಚಿಹ್ನೆಯ ನಂತರದ ಹೆಸರೂ ದೊಡ್ಡಕ್ಷರದವು. ಬ್ಯಾಷ್ ಪ್ರತಿ ಬಾರಿ ಪ್ರಾಂಪ್ಟ್, ಎಂದರೆ ಮುಂದಿನ ಕಮಾಂಡಿಗೆ ಕಾಯುತ್ತಿರುವ ಗುರುತು, ತೋರಿಸುವ ಮುನ್ನ ಏನು ಮಾಡಬೇಕೆಂದು ಅದು ಹೇಳುತ್ತದೆ: ಇನ್ನೂ ಫೈಲಿಗೆ ಸೇರದಿರುವ ಹೊಸ ಕಮಾಂಡುಗಳನ್ನು ಸೇರಿಸು, ಆಮೇಲೆ ಈ ಮೊದಲು ಮಾಡುತ್ತಿದ್ದ ಕೆಲಸವನ್ನು ಮಾಡು. ಹೀಗೆ ಒಂದು ಕಮಾಂಡು ಮುಗಿದು ಪ್ರಾಂಪ್ಟ್ ಮತ್ತೆ ಕಾಣಿಸಿತೆಂದರೆ ಆ ಸಾಲು ಫೈಲಿಗೆ ಹೋಗಿದೆ ಎಂದರ್ಥ.

ಇದರ ಮಿತಿಗಳೂ ತಿಳಿದಿರಬೇಕು. ಫೈಲಿಗೆ ಬರೆದದ್ದನ್ನು ಲಿನಕ್ಸ್ ಕೆಲವು ಸೆಕೆಂಡುಗಳ ಕಾಲ ತನ್ನ ಮೆಮೊರಿಯಲ್ಲೇ ಇಟ್ಟುಕೊಂಡು ಆಮೇಲೆ ಡಿಸ್ಕಿಗೆ ಇಳಿಸುವುದರಿಂದ, ಕರೆಂಟು ಹೋಗುವುದಕ್ಕೆ ಸರಿಯಾಗಿ ಮುಂಚಿನ ಒಂದೆರಡು ಸಾಲುಗಳು ಆಗಲೂ ತಪ್ಪಿಹೋಗಬಹುದು. ಅದಕ್ಕಿಂತ ಗಮನಿಸಬೇಕಾದದ್ದು ಇನ್ನೊಂದು: ಪ್ರಾಂಪ್ಟ್ ಮರಳಿ ಬಂದಾಗ ಮಾತ್ರ ಬರೆಯುವುದಾದ್ದರಿಂದ, ಕರೆಂಟು ಹೋದಾಗ ಇನ್ನೂ ನಡೆಯುತ್ತಲೇ ಇದ್ದ ಕಮಾಂಡು ಫೈಲಿನಲ್ಲಿ ಇರುವುದಿಲ್ಲ. ಅರ್ಧ ಗಂಟೆ ನಡೆಯುವ ಬ್ಯಾಕಪ್‌ನಂಥ ಕಮಾಂಡುಗಳನ್ನು ನಾನು ಹಿಸ್ಟರಿಯ ಭರವಸೆಗೆ ಬಿಡದೆ ಒಂದು ಸಣ್ಣ ಸ್ಕ್ರಿಪ್ಟ್ ಫೈಲಿನಲ್ಲಿ ಬರೆದು ನಡೆಸುತ್ತೇನೆ.

ಕೆಲವರು ಇಲ್ಲಿಗೇ ಹಿಸ್ಟರಿ -ಎನ್ ಎಂಬುದನ್ನೂ ಸೇರಿಸಿ, ತೆರೆದಿರುವ ಎಲ್ಲ ಟರ್ಮಿನಲ್‌ಗಳೂ ಒಂದೇ ಹಿಸ್ಟರಿಯನ್ನು ಆಗಿಂದಾಗ ಹಂಚಿಕೊಳ್ಳುವಂತೆ ಮಾಡುತ್ತಾರೆ. ನಾನು ಅದನ್ನು ಸೂಚಿಸುವುದಿಲ್ಲ. ಒಂದು ಕಿಟಕಿಯಲ್ಲಿ ಹಳೆಯ ಬ್ಯಾಕಪ್‌ಗಳನ್ನು ಅಳಿಸುತ್ತಿರುವಾಗ, ಇನ್ನೊಂದು ಕಿಟಕಿಯಲ್ಲಿ ರೂಢಿಯಂತೆ ಮೇಲ್ಬಾಣ ಒತ್ತಿ ಎಂಟರ್ ಹೊಡೆದವರು ಅಲ್ಲಿಯ ಅಳಿಸುವ ಕಮಾಂಡನ್ನು ಇಲ್ಲಿ ನಡೆಸಿಬಿಡುವ ಅಪಾಯ ನಿಜವಾದದ್ದು.

ಮೂರನೆಯ ಹೆಜ್ಜೆ: ಏನನ್ನು ಉಳಿಸಬೇಕು, ಏನನ್ನು ಬಿಡಬೇಕು

ಹಿಸ್ಟ್‌ಕಂಟ್ರೋಲ್=ಇಗ್ನೋರ್‌ಬೋತ್
ಹಿಸ್ಟ್‌ಇಗ್ನೋರ್="ಎಲ್‌ಎಸ್:ಪಿಡಬ್ಲ್ಯುಡಿ:ಎಕ್ಸಿಟ್:ಹಿಸ್ಟರಿ"
ಹಿಸ್ಟ್‌ಟೈಮ್‌ಫಾರ್ಮ್ಯಾಟ್="%ಎಫ್ %ಟಿ "

ಮೊದಲನೆಯದರಿಂದ ಒಂದೇ ಕಮಾಂಡನ್ನು ಬೆನ್ನುಬೆನ್ನಿಗೆ ಹತ್ತು ಸಲ ಕೊಟ್ಟರೂ ಒಮ್ಮೆ ಮಾತ್ರ ದಾಖಲಾಗುತ್ತದೆ, ಮತ್ತು ಸಾಲಿನ ಆರಂಭದಲ್ಲಿ ಒಂದು ಜಾಗ ಬಿಟ್ಟು ಬರೆದದ್ದು ದಾಖಲಾಗುವುದೇ ಇಲ್ಲ. ಈ ಜಾಗದ ಉಪಯೋಗ ಮುಂದೆ ಬರಲಿದೆ. ಎರಡನೆಯ ಸಾಲು ದಿನಕ್ಕೆ ನೂರು ಸಲ ಬರುವ ಸಣ್ಣಪುಟ್ಟ ಕಮಾಂಡುಗಳನ್ನು ಹೊರಗಿಡುತ್ತದೆ. ಮೂರನೆಯದರ ಹೆಸರಿನಲ್ಲಿ ಟಿ ಎಂಬ ಅಕ್ಷರ ಬೆನ್ನುಬೆನ್ನಿಗೆ ಎರಡು ಬಾರಿ ಬರುತ್ತದೆ, ಒಂದು ಬಿಟ್ಟರೂ ಬ್ಯಾಷ್ ಸುಮ್ಮನೆ ಕೂರುತ್ತದೆ. ಎಫ್ ಮತ್ತು ಟಿ ದೊಡ್ಡಕ್ಷರದವು, ಮುಚ್ಚುವ ಉದ್ಧರಣೆಗೆ ಮೊದಲು ಒಂದು ಜಾಗವಿರಬೇಕು. ಆಮೇಲೆ ಹಿಸ್ಟರಿ ಎಂದು ಕೇಳಿದರೆ ಪ್ರತಿ ಕಮಾಂಡಿನ ಮುಂದೆ ದಿನಾಂಕ, ಸಮಯ ಕಾಣುತ್ತವೆ. ಹೋದ ಮಾರ್ಚಿನಲ್ಲಿ ಲೆಕ್ಕ ಮುಗಿಸುವಾಗ ಏನು ಮಾಡಿದ್ದೆವು ಎಂದು ಹುಡುಕುವವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ನಾಲ್ಕನೆಯ ಹೆಜ್ಜೆ: ಉಳಿಸಿದ್ದನ್ನು ಹುಡುಕುವುದು

ಐವತ್ತು ಸಾವಿರ ಸಾಲುಗಳಲ್ಲಿ ಮೇಲ್ಬಾಣ ಒತ್ತುತ್ತಾ ಹೋಗುವುದು ಆಗದ ಮಾತು. ~/.ಇನ್‌ಪುಟ್‌ಆರ್‌ಸಿ ಇಲ್ಲದಿದ್ದರೆ ಹೊಸದಾಗಿ ಮಾಡಿ, ಅದರ ಮೊಟ್ಟಮೊದಲ ಸಾಲಿನಲ್ಲಿ ಇದನ್ನು ಬರೆಯಿರಿ:

$ಇನ್‌ಕ್ಲೂಡ್ /ಇಟಿಸಿ/ಇನ್‌ಪುಟ್‌ಆರ್‌ಸಿ

ಈ ಸಾಲನ್ನು ಮರೆಯಬಾರದು. ನಮ್ಮ ಸ್ವಂತ ಫೈಲು ಇದೆಯೆಂದಾದ ಕೂಡಲೇ ರೀಡ್‌ಲೈನ್ ಇಡೀ ಕಂಪ್ಯೂಟರಿಗೆ ಸಾಮಾನ್ಯವಾದ ಫೈಲನ್ನು ಓದುವುದನ್ನು ಬಿಡುತ್ತದೆ. ಆಗ ಹೋಮ್, ಎಂಡ್, ಡಿಲೀಟ್ ಕೀಲಿಗಳಲ್ಲಿ ಕೆಲವು ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಬಹುದು. ಅದರ ಕೆಳಗೆ ಬಾಣದ ಕೀಲಿಗಳಿಗೆ ಹೊಸ ಕೆಲಸ ಕೊಡೋಣ:

"\ಇ[ಎ": ಹಿಸ್ಟರಿ-ಸರ್ಚ್-ಬ್ಯಾಕ್‌ವರ್ಡ್
"\ಇ[ಬಿ": ಹಿಸ್ಟರಿ-ಸರ್ಚ್-ಫಾರ್ವರ್ಡ್

ಇಲ್ಲಿ ಇ ಸಣ್ಣಕ್ಷರ, ಎ ಮತ್ತು ಬಿ ದೊಡ್ಡಕ್ಷರ. ಇದಾದ ಮೇಲೆ ಸಿಪಿ ಎಂದು ಬರೆದು ಮೇಲ್ಬಾಣ ಒತ್ತಿದರೆ ಸಿಪಿ ಎಂದು ಆರಂಭವಾಗುವ ಹಳೆಯ ಕಮಾಂಡುಗಳು ಮಾತ್ರ ಒಂದೊಂದಾಗಿ ಬರುತ್ತವೆ; ಏನೂ ಬರೆಯದೆ ಒತ್ತಿದರೆ ಮೊದಲಿನಂತೆಯೇ ಎಲ್ಲವೂ ಬರುತ್ತವೆ. ನಾನು ಮಾಡಿಕೊಂಡ ಬದಲಾವಣೆಗಳಲ್ಲಿ ಕೈಗೆ ಅತಿ ಬೇಗ ರೂಢಿಯಾದದ್ದು ಇದೇ.

ಸಾಲಿನ ನಡುವಿನ ಪದ ಮಾತ್ರ ನೆನಪಿದ್ದರೆ ಕಂಟ್ರೋಲ್ ಮತ್ತು ಆರ್ ಒಟ್ಟಿಗೆ ಒತ್ತಿ ಆ ಪದ ಬರೆಯಬೇಕು. ಮತ್ತೆ ಮತ್ತೆ ಒತ್ತಿದಂತೆ ಇನ್ನೂ ಹಳೆಯವು ಸಿಗುತ್ತವೆ. ಬೇಕಾದದ್ದನ್ನು ದಾಟಿಹೋದರೆ ಮುಂದಕ್ಕೆ ಬರಲು ಕಂಟ್ರೋಲ್-ಎಸ್ ಇದೆ, ಆದರೆ ಅದನ್ನು ಒತ್ತಿದಾಗ ಅನೇಕರ ಟರ್ಮಿನಲ್ ಸ್ತಬ್ಧವಾಗುತ್ತದೆ. ಕೆಟ್ಟುಹೋಯಿತೆಂದು ಕಿಟಕಿ ಮುಚ್ಚಬೇಕಿಲ್ಲ. ಹಳೆಯ ಕಾಲದ ಟರ್ಮಿನಲ್‌ಗಳಲ್ಲಿ ತೆರೆಯ ಮೇಲಿನ ಹರಿವನ್ನು ತಡೆಹಿಡಿಯಲು ಇದ್ದ ಕೀಲಿ ಅದು. ಕಂಟ್ರೋಲ್-ಕ್ಯೂ ಒತ್ತಿದರೆ ಬಿಡುಗಡೆಯಾಗುತ್ತದೆ. ಆ ಹಳೆಯ ಏರ್ಪಾಡನ್ನೇ ಕೈಬಿಟ್ಟು ಕಂಟ್ರೋಲ್-ಎಸ್ ಅನ್ನು ಹುಡುಕಾಟಕ್ಕೆ ಒದಗಿಸಲು ಬ್ಯಾಷ್‌ಆರ್‌ಸಿಯಲ್ಲಿ ಎಸ್‌ಟಿಟಿವೈ -ಐಎಕ್ಸ್‌ಒಎನ್ ಎಂಬ ಸಾಲು ಸೇರಿಸಿ. ಇನ್ನು ಆಲ್ಟ್ ಮತ್ತು ಚುಕ್ಕಿಯನ್ನು ಒಟ್ಟಿಗೆ ಒತ್ತಿದರೆ ಹಿಂದಿನ ಕಮಾಂಡಿನ ಕೊನೆಯ ಪದ ಬಂದು ಕೂರುತ್ತದೆ. ಈಗಷ್ಟೇ ಮಾಡಿದ ಫೋಲ್ಡರಿನೊಳಗೆ ಹೋಗುವಾಗ ಹೆಸರನ್ನು ಮತ್ತೆ ಬರೆಯುವ ಕೆಲಸ ತಪ್ಪುತ್ತದೆ.

ಐದನೆಯ ಹೆಜ್ಜೆ: ಟ್ಯಾಬ್ ಕೀಲಿಯನ್ನು ಹದಗೊಳಿಸುವುದು

ಮೊದಲು ಬ್ಯಾಷ್-ಕಂಪ್ಲೀಷನ್ ಪ್ಯಾಕೇಜು ಇದೆಯೇ ನೋಡಿ, ಇಲ್ಲದಿದ್ದರೆ ಹಾಕಿಕೊಳ್ಳಿ:

ಸುಡೋ ಆಪ್ಟ್ ಇನ್‌ಸ್ಟಾಲ್ ಬ್ಯಾಷ್-ಕಂಪ್ಲೀಷನ್

ಗಿಟ್, ಆಪ್ಟ್, ಎಸ್‌ಎಸ್‌ಎಚ್ ಮುಂತಾದವುಗಳ ಉಪಕಮಾಂಡುಗಳನ್ನೂ ಆಯ್ಕೆಗಳನ್ನೂ ಟ್ಯಾಬ್‌ಗೆ ತಿಳಿಸಿಕೊಡುವುದು ಇದೇ. ಆಮೇಲೆ ಇನ್‌ಪುಟ್‌ಆರ್‌ಸಿಗೆ ಈ ಸಾಲುಗಳನ್ನು ಸೇರಿಸಿ:

ಸೆಟ್ ಕಂಪ್ಲೀಷನ್-ಇಗ್ನೋರ್-ಕೇಸ್ ಆನ್
ಸೆಟ್ ಕಂಪ್ಲೀಷನ್-ಮ್ಯಾಪ್-ಕೇಸ್ ಆನ್
ಸೆಟ್ ಶೋ-ಆಲ್-ಇಫ್-ಆಂಬಿಗ್ಯುಯಸ್ ಆನ್
ಸೆಟ್ ಕಲರ್ಡ್-ಸ್ಟ್ಯಾಟ್ಸ್ ಆನ್

ಒಂದನೆಯದರಿಂದ ದೊಡ್ಡಕ್ಷರ, ಸಣ್ಣಕ್ಷರಗಳ ಭೇದವಿಲ್ಲದೆ ಹೆಸರು ಪೂರ್ಣಗೊಳ್ಳುತ್ತದೆ. ಎರಡನೆಯದರಿಂದ ಅಡ್ಡಗೆರೆ ಮತ್ತು ಅಡಿಗೆರೆಗಳನ್ನು ಒಂದೇ ಎಂದು ಎಣಿಸಲಾಗುತ್ತದೆ, ಆದರೆ ಒಂದನೆಯದು ಆನ್ ಇದ್ದಾಗ ಮಾತ್ರ. ಮೂರನೆಯದಿಲ್ಲದಿದ್ದರೆ ಹಲವು ಹೆಸರುಗಳು ಹೊಂದುವಾಗ ಟ್ಯಾಬ್ ಅನ್ನು ಎರಡು ಸಲ ಒತ್ತಬೇಕು; ಇದ್ದರೆ ಒಂದೇ ಒತ್ತಿಗೆ ಎಲ್ಲ ಹೆಸರೂ ಕಾಣುತ್ತವೆ. ನಾಲ್ಕನೆಯದು ಫೋಲ್ಡರುಗಳನ್ನೂ ಫೈಲ್‌ಗಳನ್ನೂ ಬೇರೆ ಬೇರೆ ಬಣ್ಣದಲ್ಲಿ ತೋರಿಸುತ್ತದೆ. ಟರ್ಮಿನಲ್ ಮುಚ್ಚದೆಯೇ ಹೊಸ ಸಾಲುಗಳನ್ನು ಓದಿಸಲು ಕಂಟ್ರೋಲ್-ಎಕ್ಸ್ ಒತ್ತಿ, ಆಮೇಲೆ ಕಂಟ್ರೋಲ್-ಆರ್ ಒತ್ತಿರಿ.

ಆರನೆಯ ಹೆಜ್ಜೆ: ನಮ್ಮದೇ ಕಮಾಂಡಿಗೆ ನಮ್ಮದೇ ಪಟ್ಟಿ

ಟ್ಯಾಬ್‌ಗೆ ನಮ್ಮ ಊರುಗಳ ಹೆಸರುಗಳನ್ನು, ಅದೂ ಕನ್ನಡದಲ್ಲೇ, ಕಲಿಸಬಹುದು ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ನಾನು ತಾಲ್ಲೂಕುವಾರು ಮಳೆಯ ಲೆಕ್ಕವನ್ನು ಮಿಲಿಮೀಟರಿನಲ್ಲಿ ಬರೆದಿಡುತ್ತೇನೆ. ಮೊದಲು ಕೈಯಿಂದ ಬರೆಯುತ್ತಿದ್ದಾಗ ಒಂದು ದಿನ ಶಿರಸಿ, ಮರುದಿನ ಸಿರಸಿ, ಇನ್ನೊಂದು ದಿನ ಸಿರ್ಸಿ ಎಂದಾಗಿ, ವರ್ಷದ ಕೊನೆಗೆ ಕೂಡಿಸಿದಾಗ ಒಂದೇ ಊರಿನ ಮಳೆ ಮೂರು ಊರುಗಳಿಗೆ ಹಂಚಿಹೋಗಿತ್ತು. ಟ್ಯಾಬ್ ಕಂಪ್ಲೀಷನ್‌ನಿಂದ ಬೆರಳಿನ ಶ್ರಮ ಉಳಿಯುವುದಕ್ಕಿಂತ ಕಾಗುಣಿತ ಒಂದೇ ಆಗುವುದು ದೊಡ್ಡ ಲಾಭವೆಂದು ನನಗೆ ಮನದಟ್ಟಾದದ್ದು ಆಗ.

ಈ ಭಾಗದಲ್ಲಿ ಮಳೆ, ಪಟ್ಟಿ, ತಾಲ್ಲೂಕು ಎಂಬ ಪದಗಳನ್ನೂ ಊರುಗಳ ಹೆಸರುಗಳನ್ನೂ ಕನ್ನಡದಲ್ಲೇ ಟೈಪ್ ಮಾಡಬೇಕು. ಉಳಿದದ್ದು ಮೊದಲಿನಂತೆ ಇಂಗ್ಲಿಷಿನಲ್ಲಿ. ಬ್ಯಾಷ್‌ಆರ್‌ಸಿಯಲ್ಲಿ ಮೊದಲು ಕಮಾಂಡನ್ನು ಹುಟ್ಟಿಸೋಣ:

ಮಳೆ() { ಎಕೋ "$(ಡೇಟ್ +%ಎಫ್),$1,$2" >> ~/ಮಳೆ.ಪಟ್ಟಿ; }

ಇಲ್ಲಿಯೂ %ಎಫ್‌ನ ಎಫ್ ದೊಡ್ಡಕ್ಷರದ್ದು. ಇನ್ನು ಮಳೆ ಶಿರಸಿ 84 ಎಂದು ಬರೆದರೆ ಆ ದಿನದ ದಿನಾಂಕ, ಊರು, ಅಳತೆ ಇರುವ ಒಂದು ಸಾಲು ಫೈಲಿಗೆ ಸೇರುತ್ತದೆ. ಈಗ ~/ತಾಲ್ಲೂಕು.ಪಟ್ಟಿ ಎಂಬ ಫೈಲನ್ನು ಮಾಡಿ, ಸಾಲಿಗೊಂದರಂತೆ ಉತ್ತರ ಕನ್ನಡ ಜಿಲ್ಲೆಯ 12 ತಾಲ್ಲೂಕುಗಳನ್ನು ಬರೆಯಿರಿ: ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾ, ದಾಂಡೇಲಿ. ಅಲ್ಪವಿರಾಮ ಬೇಡ. ಆಮೇಲೆ ಬ್ಯಾಷ್‌ಆರ್‌ಸಿಗೆ:

_ಮಳೆ() {
ಕಾಂಪ್‌ರಿಪ್ಲೈ=()
[ $ಕಾಂಪ್_ಸಿವರ್ಡ್ -ಇಕ್ಯೂ 1 ] && ಕಾಂಪ್‌ರಿಪ್ಲೈ=( $(ಕಾಂಪ್‌ಜೆನ್ -ಡಬ್ಲ್ಯು "$(< ~/ತಾಲ್ಲೂಕು.ಪಟ್ಟಿ)" -- "$2") )
}
ಕಂಪ್ಲೀಟ್ -ಎಫ್ _ಮಳೆ ಮಳೆ

ಕಾಂಪ್‌ರಿಪ್ಲೈ, ಕಾಂಪ್_ಸಿವರ್ಡ್ ಎರಡೂ ದೊಡ್ಡಕ್ಷರದವು. -ಡಬ್ಲ್ಯು ಮತ್ತು -ಎಫ್‌ಗಳ ಅಕ್ಷರಗಳೂ ದೊಡ್ಡವು. ‘ಕಾಂಪ್’ ಎಂದರೆ ಕಂಪ್ಲೀಷನ್ ಪದದ ಮೊದಲ ನಾಲ್ಕು ಅಕ್ಷರ. ಮಳೆ ಎಂಬ ಕಮಾಂಡಿನ ಮುಂದೆ ಟ್ಯಾಬ್ ಒತ್ತಿದಾಗಲೆಲ್ಲ ಬ್ಯಾಷ್ ಈ ಫಂಕ್ಷನನ್ನು ಕರೆಯುತ್ತದೆ. ಅದುವರೆಗೆ ಟೈಪ್ ಮಾಡಿದ ತುಣುಕು $2ರಲ್ಲಿ ಬರುತ್ತದೆ. ಕಾಂಪ್‌ಜೆನ್ ಪಟ್ಟಿಯಿಂದ ಆ ತುಣುಕಿಗೆ ಹೊಂದುವ ಹೆಸರುಗಳನ್ನು ಮಾತ್ರ ಆರಿಸುತ್ತದೆ. ಕಾಂಪ್‌ರಿಪ್ಲೈನಲ್ಲಿ ಇಟ್ಟದ್ದನ್ನು ಬ್ಯಾಷ್ ತೋರಿಸುತ್ತದೆ. ಚೌಕ ಆವರಣದ ಪರೀಕ್ಷೆ ಇರುವುದು ಊರಿನ ಹೆಸರು ಕಮಾಂಡಿನ ನಂತರದ ಮೊದಲ ಪದವಾಗಿ ಮಾತ್ರ ಬರಲೆಂದು, ಅಳತೆ ಬರೆಯುವ ಜಾಗದಲ್ಲಿ ಬಾರದಿರಲೆಂದು. ಬ್ಯಾಷ್ ಫಂಕ್ಷನ್‌ಗಳಿಗೂ ಫೈಲ್‌ಗಳಿಗೂ ಕನ್ನಡದ ಹೆಸರು ನಡೆಯುತ್ತದೆ, ವೇರಿಯಬಲ್‌ಗಳಿಗೆ ಮಾತ್ರ ನಡೆಯುವುದಿಲ್ಲ ಎಂಬುದನ್ನು ನೆನಪಿಡಬೇಕು.

ಪರೀಕ್ಷಿಸಿ ನೋಡಿದರೆ ಸಂತೋಷವಾಗುತ್ತದೆ. ಭ ಎಂದು ಬರೆದು ಟ್ಯಾಬ್ ಒತ್ತಿದರೆ ಭಟ್ಕಳ, ಯ ಎಂದರೆ ಯಲ್ಲಾಪುರ. ಹನ್ನೆರಡರಲ್ಲಿ ಎಂಟು ತಾಲ್ಲೂಕುಗಳಿಗೆ ಒಂದೇ ಅಕ್ಷರ ಸಾಕು. ಕ ಎಂದರೆ ಕಾರವಾರ ಮತ್ತು ಕುಮಟಾ, ಹ ಎಂದರೆ ಹೊನ್ನಾವರ ಮತ್ತು ಹಳಿಯಾಳ ಎರಡೆರಡು ಕಾಣುತ್ತವೆ. ಆಗ ಗುಣಿತವನ್ನು ಮಾತ್ರ ಸೇರಿಸಿ ಕಾ ಎಂದೋ ಹೊ ಎಂದೋ ಮಾಡಿ ಮತ್ತೆ ಟ್ಯಾಬ್ ಒತ್ತಿದರೆ ಮುಗಿಯಿತು. ಯೂನಿಕೋಡಿನಲ್ಲಿ ವ್ಯಂಜನವೂ ಅದಕ್ಕೆ ಸೇರುವ ಗುಣಿತದ ಚಿಹ್ನೆಯೂ ಬೇರೆ ಬೇರೆ ಅಕ್ಷರಗಳಾಗಿ ಇರುವುದರಿಂದ ಇದು ಸಾಧ್ಯವಾಗಿದೆ. ಕೆಲವು ಟರ್ಮಿನಲ್‌ಗಳು ಒತ್ತಕ್ಷರಗಳನ್ನು ಬಿಡಿಬಿಡಿಯಾಗಿ ತೋರಿಸಬಹುದು, ಕರ್ಸರ್ ಒಂದೆರಡು ಜಾಗ ಸರಿದಂತೆಯೂ ಕಾಣಬಹುದು. ಅದು ತೆರೆಯ ಮೇಲಿನ ತೊಡಕು, ಫೈಲಿಗೆ ಹೋಗುವ ಅಕ್ಷರಗಳು ಸರಿಯಾಗಿಯೇ ಇರುತ್ತವೆ.

ಏಳನೆಯ ಹೆಜ್ಜೆ: ಗುಟ್ಟಾಗಿರಬೇಕಾದದ್ದನ್ನು ಹೊರಗಿಡುವುದು

ಎಲ್ಲವನ್ನೂ ತಕ್ಷಣ ಬರೆಯುವ ಹಿಸ್ಟರಿ ಪಾಸ್‌ವರ್ಡನ್ನೂ ತಕ್ಷಣ ಬರೆಯುತ್ತದೆ. ಒಂದೇ ಲಾಗಿನ್ ಅನ್ನು ಇಬ್ಬರು ಮೂವರು ಬಳಸುವ ಸಣ್ಣ ಕಚೇರಿಗಳಲ್ಲಿ ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಪಾಸ್‌ವರ್ಡನ್ನು ಕಮಾಂಡಿನೊಳಗೇ ಬರೆಯದೆ, ಪ್ರೋಗ್ರಾಮು ಕೇಳಿದಾಗ ಕೊಡುವುದು ಒಳ್ಳೆಯದು. ಬರೆಯಲೇಬೇಕಾದರೆ ಸಾಲಿನ ಆರಂಭದಲ್ಲಿ ಒಂದು ಜಾಗ ಬಿಡಿ. ಮೂರನೆಯ ಹೆಜ್ಜೆಯ ಇಗ್ನೋರ್‌ಬೋತ್ ಇರುವುದರಿಂದ ಅದು ದಾಖಲಾಗದು.

ಈಗಾಗಲೇ ದಾಖಲಾಗಿದ್ದರೆ ಎಲ್ಲ ಟರ್ಮಿನಲ್‌ಗಳನ್ನೂ ಮುಚ್ಚಿ ಹೊಸದೊಂದನ್ನು ಮಾತ್ರ ತೆರೆಯಿರಿ. ಫೈಲಿನಲ್ಲಿ 50000ಕ್ಕಿಂತ ಹೆಚ್ಚು ಕಮಾಂಡುಗಳಿಲ್ಲದಿದ್ದರೆ ಆಗ ಅದರ ನೆನಪಿನಲ್ಲಿ ಇಡೀ ಫೈಲು ಇರುತ್ತದೆ; ಹೆಚ್ಚಿದ್ದರೆ ಕೊನೆಯ 50000 ಮಾತ್ರ ಇರುತ್ತವೆ, ಫೈಲನ್ನು ಹೊಸದಾಗಿ ಬರೆಯಿಸಿದಾಗ ಅದಕ್ಕಿಂತ ಹಳೆಯವು ಹೋಗುತ್ತವೆ. ಹಿಸ್ಟರಿ ಎಂದು ಕೇಳಿ ಆ ಸಾಲಿನ ಸಂಖ್ಯೆ ನೋಡಿಕೊಂಡು, ಹಿಸ್ಟರಿ -ಡಿ ಮುಂದೆ ಆ ಸಂಖ್ಯೆ ಕೊಡಿ, ಆಮೇಲೆ ಸಣ್ಣಕ್ಷರದಲ್ಲಿ ಹಿಸ್ಟರಿ -ಡಬ್ಲ್ಯು ಎಂದು ಕೊಟ್ಟು ಫೈಲನ್ನು ಹೊಸದಾಗಿ ಬರೆಯಿಸಿ. ಸಾಲನ್ನು ಹುಡುಕಲು ಗ್ರೆಪ್‌ಗೆ (ಪದ ಹುಡುಕಿಕೊಡುವ ಕಮಾಂಡು) ಪಾಸ್‌ವರ್ಡನ್ನೇ ಕೊಟ್ಟರೆ ಆ ಹುಡುಕಾಟವೂ ಹಿಸ್ಟರಿಗೆ ಸೇರಿಬಿಡುತ್ತದೆ. ಅದನ್ನೂ ಜಾಗ ಬಿಟ್ಟೇ ಬರೆಯಬೇಕು. ಹೊರಗಿನ ಡಿಸ್ಕಿಗೆ ತೆಗೆದ ಹಳೆಯ ಬ್ಯಾಕಪ್‌ನಲ್ಲಿ ಪ್ರತಿ ಉಳಿದಿರಬಹುದಾದ್ದರಿಂದ ಪಾಸ್‌ವರ್ಡನ್ನು ಬದಲಿಸುವುದೇ ಸರಿಯಾದ ದಾರಿ.

ಕೊನೆಯ ಹೆಜ್ಜೆ: ಕರೆಂಟು ಹೋದಂತೆ ಮಾಡಿ ನೋಡುವುದು

ತಿದ್ದಿದ ಫೈಲಿನಲ್ಲಿ ವ್ಯಾಕರಣದ ತಪ್ಪಿದೆಯೇ ಎಂದು ಮೊದಲು ನೋಡಿ:

ಬ್ಯಾಷ್ -ಎನ್ ~/.ಬ್ಯಾಷ್‌ಆರ್‌ಸಿ

ಏನೂ ಕಾಣದೆ ಪ್ರಾಂಪ್ಟ್ ಮರಳಿದರೆ ತಪ್ಪಿಲ್ಲ. ಈಗಿನ ಟರ್ಮಿನಲನ್ನು ತೆರೆದೇ ಇಟ್ಟುಕೊಂಡು ಇನ್ನೊಂದನ್ನು ತೆರೆಯಿರಿ. ಹೊಸದರಲ್ಲಿ ತೊಂದರೆ ಕಂಡರೆ ಹಳೆಯದರಿಂದ ತಿದ್ದಬಹುದು. ಹೊಸ ಕಿಟಕಿಯಲ್ಲಿ ಎಕೋ ಮಳೆಗಾಲ ಎಂದು ಬರೆದು ಎಂಟರ್ ಒತ್ತಿ, ಆಮೇಲೆ ಇದನ್ನು ಕೊಡಿ:

ಕಿಲ್ -9 $$

ಇದು ಬ್ಯಾಷ್‌ಗೆ ಏನನ್ನೂ ಉಳಿಸಿಕೊಳ್ಳಲು ಬಿಡದೆ, ಕರೆಂಟು ಹೋದಾಗ ಆಗುವಂತೆಯೇ, ಒಮ್ಮೆಲೇ ಕೊನೆಗೊಳಿಸುತ್ತದೆ ಮತ್ತು ಕಿಟಕಿ ಮುಚ್ಚಿಹೋಗುತ್ತದೆ. ಮತ್ತೊಂದು ಟರ್ಮಿನಲ್ ತೆರೆದು ಮೇಲ್ಬಾಣವನ್ನು ಒಮ್ಮೆ ಒತ್ತಿ. ಎಕೋ ಮಳೆಗಾಲ ಎಂಬ ಸಾಲು ಅಲ್ಲಿರಬೇಕು. ಪ್ರಾಂಪ್ಟ್ ಮರಳುವ ಮೊದಲೇ ಸತ್ತ ಕಿಲ್ ಕಮಾಂಡು ಇರಬಾರದು. ಹಾಗೆ ಕಾಣದಿದ್ದರೆ ಎರಡನೆಯ ಹೆಜ್ಜೆಯ ಪ್ರಾಂಪ್ಟ್_ಕಮಾಂಡ್ ಸಾಲಿಗೆ ಮರಳಿ, ಉದ್ಧರಣ ಚಿಹ್ನೆಗಳನ್ನೂ ಅರ್ಧವಿರಾಮವನ್ನೂ ಇನ್ನೊಮ್ಮೆ ಒಂದೊಂದಾಗಿ ನೋಡಿ.